ಸೊಮಾಲಿಯಾದ ಕೆಳಮನೆಯನ್ನು ಒಂದೇ ಹಾಳೆಯಲ್ಲಿ ಬರೆಯುವುದು ಹೇಗೆ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ಪಾಠ ಹೇಳುತ್ತೇನೆ. ಯುದ್ಧದಲ್ಲಿ ಪೂರ್ತಿ ಕುಸಿದ ದೇಶವೊಂದು ಸಂಸತ್ತನ್ನು ಮತ್ತೆ ಹೇಗೆ ಕಟ್ಟಿಕೊಳ್ಳುತ್ತದೆ ಅನ್ನುವ ಪಾಠ ಬಂದಾಗ ಸೊಮಾಲಿಯಾವನ್ನೇ ತೆಗೆದುಕೊಂಡು, ಅದರ ಚಾರ್ಟ್ ಬರೆದು ತನ್ನಿ ಅನ್ನುತ್ತೇನೆ. ಪ್ರತಿ ಬ್ಯಾಚಿನಲ್ಲೂ ಒಂದೇ ತಪ್ಪು. ಎಲ್ಲರೂ ಮೊದಲು ಭೂಪಟ ಬರೆಯುತ್ತಾರೆ, ಆಮೇಲೆ ಅದನ್ನು 275 ಕ್ಷೇತ್ರಗಳಾಗಿ ಹೋಳು ಮಾಡಲು ಕೂರುತ್ತಾರೆ. ಅದು ಆಗುವುದೇ ಇಲ್ಲ, ಯಾಕೆಂದರೆ ಅಲ್ಲಿ ಸೀಟು ಊರಿಗೆ ಸೇರಿದ್ದಲ್ಲ, ಕುಲಕ್ಕೆ ಸೇರಿದ್ದು.

ಹೆಸರೂ ದಾರಿ ತಪ್ಪಿಸುತ್ತದೆ. ಆ ಮನೆಯ ಹೆಸರು ‘ಗೋಲಹ ಶಅಬ್ಕ’, ಅಂದರೆ ಜನರ ಸಭೆ. ನಮ್ಮ ಲೋಕಸಭೆ ಅನ್ನುವ ಹೆಸರಿಗೂ ಅದೇ ಅರ್ಥ ಅಲ್ವಾ? ಹೆಸರು ಒಂದೇ ಆದಮೇಲೆ ಒಳಗಿನದೂ ಒಂದೇ ಅಂದುಕೊಂಡುಬಿಡುತ್ತೇವೆ.

ಒಂದು ದಪ್ಪ ಎ4 ಹಾಳೆ, ಪೆನ್ಸಿಲ್, ಸ್ಕೇಲ್, ಎರಡು ಬಣ್ಣದ ಬಾಲ್‌ಪೆನ್ ಇಟ್ಟುಕೊಳ್ಳಿ. ಅಗ್ಗದ ಸ್ಕೆಚ್ ಪೆನ್ ಬೇಡವೇ ಬೇಡ. ಮಸಿ ಹಿಂಬದಿಗೆ ಇಳಿಯುತ್ತದೆ, ಹಿಂಬದಿ ನಮಗೆ ಬೇಕು.

ಹಂತ 1: ಎಡಗಡೆ ವರ್ಷಗಳ ಗೆರೆ

ಐದು ನಿಮಿಷದ ಕೆಲಸ. 1960 ಸ್ವಾತಂತ್ರ್ಯ. 1969 ಅಕ್ಟೋಬರ್, ಅಧ್ಯಕ್ಷರ ಕೊಲೆ, ಆರೇ ದಿನಕ್ಕೆ ಸಿಯಾದ್ ಬರ್ರೆಯ ಸೇನೆ ಚುನಾಯಿತ ಸಂಸತ್ತನ್ನು ಮುಚ್ಚಿತು. 1991ರಲ್ಲಿ ಆ ಸರ್ಕಾರವೂ ಬಿತ್ತು, ದೇಶವೇ ಒಡೆಯಿತು. 2000, ಜಿಬೂತಿಯ ಆರ್ತಾ ಊರಿನಲ್ಲಿ ಮಾತುಕತೆ. 2004, ಕೀನ್ಯಾದಲ್ಲಿ ತಾತ್ಕಾಲಿಕ ಫೆಡರಲ್ ಸಂಸತ್ತು. 2012 ಆಗಸ್ಟ್ 1, 825 ಪ್ರತಿನಿಧಿಗಳ ಸಭೆ ಹೊಸ ಸಂವಿಧಾನವನ್ನು ಒಪ್ಪಿತು. ಅದೇ ತಿಂಗಳು 20ಕ್ಕೆ ಈಗಿನ ಸಂಸತ್ತಿನ ಮೊದಲ ಸಭೆ ಮೊಗದಿಶು ವಿಮಾನ ನಿಲ್ದಾಣದಲ್ಲಿ ನಡೆಯಿತು, ಊರೊಳಗೆ ಸೇರುವಷ್ಟು ಭದ್ರತೆ ಇರಲಿಲ್ಲ.

ಇಲ್ಲೇ ಒಂದು ಮಾತು. ಟೆಲಿಗ್ರಾಂನಲ್ಲಿ ಓಡಾಡುವ ಪಿಡಿಎಫ್ ನೋಟ್ಸ್ ನೋಡಿ ಬರೆಯಬೇಡಿ. ಕೆಳಮನೆಗೆ 550 ಸದಸ್ಯರು ಅಂತ ಬರೆದಿರುವ ನೋಟ್ಸನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಅದು 2009ರಲ್ಲಿ ತಾತ್ಕಾಲಿಕ ಸಂಸತ್ತನ್ನು ದೊಡ್ಡದು ಮಾಡಿದಾಗಿನ ಲೆಕ್ಕ. 2012ರಿಂದ 275.

ಹಂತ 2: ನಾಲ್ಕೂವರೆ ಡಬ್ಬಿ

ಮಧ್ಯದಲ್ಲಿ ಒಂದೇ ಅಳತೆಯ ನಾಲ್ಕು ಡಬ್ಬಿ ಬರೆಯಿರಿ, ಪಕ್ಕದಲ್ಲಿ ಅರ್ಧ ಅಳತೆಯ ಒಂದು. ದಾರೂದ್, ಹವಿಯೇ, ದಿರ್, ರಹನ್ವೇನ್, ಇವು ನಾಲ್ಕು ದೊಡ್ಡ ಕುಲಗಳು, ಒಂದೊಂದಕ್ಕೆ 61 ಸೀಟು. ಉಳಿದೆಲ್ಲ ಸಣ್ಣ ಸಮುದಾಯಗಳಿಗೆ, ಸೊಮಾಲಿ ಬಂಟು ಜನ, ಬೆನಾದಿರಿ ಜನ ಎಲ್ಲರಿಗೂ ಸೇರಿಸಿ 31. ಕೂಡಿ ನೋಡಿ: ನಾಲ್ಕು 61 ಅಂದರೆ 244, ಅದಕ್ಕೆ 31, ಒಟ್ಟು 275. ಇದಕ್ಕೇ 4.5 ಸೂತ್ರ ಅನ್ನುವುದು, ಆರ್ತಾದಲ್ಲಿ ಶುರುವಾದದ್ದು.

‘ಅರ್ಧ’ ಅಂದ ಕೂಡಲೇ ಕ್ಲಾಸಿನಲ್ಲಿ ಕೆಲವರು ನಗುತ್ತಾರೆ. ನಗಬೇಡಿ. ಸ್ವಂತ ದೇಶದ ಲೆಕ್ಕದಲ್ಲೇ ಅರ್ಧ ಅನ್ನಿಸಿಕೊಂಡು ಬದುಕುವ ಜನ ಅವರು. ಬಂದೂಕು ಕೆಳಗಿಡಿಸಿ ಎಲ್ಲ ಕುಲಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಲು ಆಗ ಈ ಸೂತ್ರ ಬೇಕಾಗಿತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಆ ಅರ್ಧ ಡಬ್ಬಿಯನ್ನು ಬೇರೆ ಬಣ್ಣದಲ್ಲಿ ಬರೆಯಿರಿ, ಕಣ್ಣಿಗೆ ಬೀಳಲಿ.

ಹಂತ 3: ಓಟು ಹಾಕಿದ್ದು ಯಾರು?

ಹತ್ತರಲ್ಲಿ ಒಂಬತ್ತು ಚಾರ್ಟ್ ಹಾಳಾಗುವುದು ಇಲ್ಲಿ. ನಿಧಾನವಾಗಿ ಮಾಡಿ.

ಮೊದಲು ಒಂದೇ ಒಂದು ಸೀಟು ತೆಗೆದುಕೊಳ್ಳಿ. ರಹನ್ವೇನ್ ಡಬ್ಬಿಯ 61ರಲ್ಲಿ ಒಂದು ಅನ್ನೋಣ. ಅದು ಇಡೀ ರಹನ್ವೇನ್ ಕುಲದ ಸೀಟಲ್ಲ, ಅದರೊಳಗಿನ ಒಂದು ಒಳಕುಲದ್ದು. ನಮ್ಮ ಕಡೆ ಬೆಡಗು, ಬಳಿ ಅನ್ನುತ್ತೇವಲ್ಲ, ಸುಮಾರು ಹಾಗೆ. ಆ ಬೆಡಗಿನವರು ಮಾತ್ರ ಆ ಸೀಟಿಗೆ ನಿಲ್ಲಬಹುದು.

ಈಗ ಆ ಸೀಟಿನ ಕೆಳಗೆ ಮೂರು ಸಾಲು ಬರೆಯಿರಿ. 2012ರಲ್ಲಿ ಓಟೇ ಇರಲಿಲ್ಲ. ಕುಲಗಳ 135 ಹಿರಿಯರು ಕೂತು ಸದಸ್ಯರನ್ನು ಆರಿಸಿದರು. 2016ರಲ್ಲಿ ಪ್ರತಿ ಸೀಟಿಗೆ ಕುಲದ ಹಿರಿಯರು ಆರಿಸಿದ 51 ಪ್ರತಿನಿಧಿಗಳು ಬಂದರು, ಆ 51 ಜನ ಓಟು ಹಾಕಿ ಒಬ್ಬರನ್ನು ಗೆಲ್ಲಿಸಿದರು. 2021ರ ಸುತ್ತಿನಲ್ಲಿ ಅದು 101 ಆಯಿತು.

ಎಲ್ಲರೂ ಇಲ್ಲಿ 275ನ್ನು 51ರಿಂದ ಗುಣಿಸಿ, 14,025 ಜನ ಸೇರಿ ಸಂಸತ್ತು ಆರಿಸಿದರು ಅಂತ ಬರೆದು ಮುಗಿಸುತ್ತಾರೆ. ಗುಣಾಕಾರ ಸರಿ, ಅರ್ಥ ತಪ್ಪು. ಆ 14,025 ಜನರೂ ಒಂದೇ ಕಡೆ ಸಾಲು ನಿಂತು ಎಲ್ಲ ಸೀಟಿಗೂ ಓಟು ಹಾಕಲಿಲ್ಲ. ಒಬ್ಬ ಪ್ರತಿನಿಧಿಯ ಓಟು ತನ್ನ ಬೆಡಗಿನ ಒಂದೇ ಸೀಟಿಗೆ. ಹಾಗಾಗಿ ಗೆಲ್ಲಲು ಎಷ್ಟು ಜನರ ಮನಸ್ಸು ಗೆದ್ದರೆ ಸಾಕು? 26. ಅಭ್ಯರ್ಥಿಯ ಕೈಯಲ್ಲಿ ದುಡ್ಡಿದ್ದರೆ 26 ಮನೆ ಹುಡುಕುವುದು ಕಷ್ಟವಲ್ಲ, ಓಟು ಕೊಂಡರು ಅನ್ನುವ ದೂರು ಆ ಸಲ ಜೋರಾಗಿ ಕೇಳಿದ್ದು ಅದಕ್ಕೇ. ನಿಮ್ಮ ಚಾರ್ಟಿನಲ್ಲಿ 14,025ಕ್ಕಿಂತ ದೊಡ್ಡ ಅಕ್ಷರದಲ್ಲಿ 26 ಇರಬೇಕು.

ಆಮೇಲೆ ಊರು. ಸೀಟು ಕುಲದ್ದಾದರೂ ಓಟಿನ ಪೆಟ್ಟಿಗೆ ಎಲ್ಲಾದರೂ ಇಡಲೇಬೇಕಲ್ಲ. ಬೈದೋವಾ, ಕಿಸ್ಮಾಯೋ ಹೀಗೆ ಫೆಡರಲ್ ರಾಜ್ಯಗಳ ಊರುಗಳಲ್ಲಿ ಇಟ್ಟರು. ಸೊಮಾಲಿಲ್ಯಾಂಡ್ 1991ರಲ್ಲೇ ತಾನು ಬೇರೆ ಅಂದಿದೆ, ಹಾಗಾಗಿ ಅದರ ಸೀಟುಗಳಿಗೆ ಮೊಗದಿಶುವಿನಲ್ಲಿ ಓಟು. ಪೆಟ್ಟಿಗೆ ರಾಜ್ಯದ ಊರಿನಲ್ಲಿ ಇದ್ದಮೇಲೆ ಆ ರಾಜ್ಯದ ಅಧ್ಯಕ್ಷನ ಕೈ ಅದರ ಮೇಲೆ ಇದ್ದೇ ಇರುತ್ತದೆ. ಕುಲದಿಂದ ಒಂದು ಬಾಣ, ರಾಜ್ಯದಿಂದ ಇನ್ನೊಂದು ಬಾಣ, ಎರಡೂ ಒಂದೇ ಸೀಟಿಗೆ ಬಂದು ಸೇರುವ ಹಾಗೆ ಬರೆಯಿರಿ. ಈ ಎರಡು ಬಾಣ ಸರಿಯಾಗಿ ಬಿದ್ದರೆ ಮಿಕ್ಕದ್ದು ತಾನಾಗಿ ಬರುತ್ತದೆ.

ಹೆಂಗಸರಿಗೆ 30 ಶೇಕಡಾ ಸೀಟು ಅಂತ ಒಪ್ಪಂದ ಇತ್ತು. 2016ರಲ್ಲಿ ಕಾಲು ಭಾಗದ ಹತ್ತಿರ ಬಂತು, ಮುಂದಿನ ಸುತ್ತಿನಲ್ಲಿ ಐದರಲ್ಲೊಂದರ ಆಸುಪಾಸಿಗೆ ಇಳಿಯಿತು. ಪ್ರತಿನಿಧಿಗಳನ್ನು ಆರಿಸುವ ಕುಲದ ಹಿರಿಯರು ಗಂಡಸರು. ಇದನ್ನೂ ಅರ್ಧ ಡಬ್ಬಿಯ ಬಣ್ಣದಲ್ಲೇ ಬರೆಯಿರಿ.

ಹಂತ 4: ಮೇಲ್ಮನೆ

54 ಸದಸ್ಯರು, ರಾಜ್ಯಗಳ ಶಾಸನಸಭೆಗಳು ಆರಿಸುತ್ತವೆ. ಮೂಲೆಯಲ್ಲೊಂದು ಸಣ್ಣ ಡಬ್ಬಿ ಸಾಕು.

ಹಂತ 5: ಹಾಳೆ ತಿರುಗಿಸಿ

ಹಿಂಬದಿಯಲ್ಲಿ ಒಂದೇ ಪ್ರಶ್ನೆ: ಒಂದು ಸೀಟಿಗೆ ಇಷ್ಟು ಜಗಳ ಯಾಕೆ? ಯಾಕೆಂದರೆ ದೇಶದ ಅಧ್ಯಕ್ಷನನ್ನು ಆರಿಸುವುದು ಜನರಲ್ಲ, ಎರಡೂ ಮನೆ ಸೇರಿ. 275 ಮತ್ತು 54, ಒಟ್ಟು 329. 2022 ಮೇ 15ರಂದು ಹಸನ್ ಶೇಖ್ ಮೊಹಮೂದ್ 214 ಓಟು ತೆಗೆದು, ಆಗ ಅಧ್ಯಕ್ಷರಾಗಿದ್ದ, 110 ಪಡೆದ ಫರ್ಮಾಜೋ ಅವರನ್ನು ಸೋಲಿಸಿದ್ದು ಹೀಗೆ.

ಅದಕ್ಕೂ ಒಂದು ವರ್ಷ ಹಿಂದಿನದನ್ನು ಬಿಡಬೇಡಿ. 2021 ಏಪ್ರಿಲ್ 12ರಂದು ಇದೇ ಕೆಳಮನೆ ಅಧ್ಯಕ್ಷ ಫರ್ಮಾಜೋ ಅವರ ಅವಧಿಯನ್ನೂ ತನ್ನ ಅವಧಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅದೇ ತಿಂಗಳು ಮೊಗದಿಶುವಿನ ಬೀದಿಯಲ್ಲಿ ಸೈನಿಕರೇ ಎರಡು ಪಾಲಾಗಿ ಗುಂಡು ಹಾರಿಸಿದರು. ಮೇ 1ಕ್ಕೆ ಅದೇ ಸದಸ್ಯರು ಸೇರಿ ತಮ್ಮ ನಿರ್ಣಯವನ್ನು ತಾವೇ ರದ್ದು ಮಾಡಿದರು. ನನಗೆ ಈ ಮೇ 1 ಬಹಳ ಮುಖ್ಯ. ಈ ಮನೆಯ ಬಗ್ಗೆ ಏನು ದೂರಿದ್ದರೂ, ಗುಂಡಿನ ಸದ್ದು ಕೇಳಿದ ಮೇಲೆ ಹಿಂದೆ ಸರಿಯುವ ಒಂದು ಜಾಗವಾಗಿ ಆವತ್ತು ಅದು ಕೆಲಸಕ್ಕೆ ಬಂತು.

ಕೊನೆಗೆ ಪೆನ್ಸಿಲ್. 2024ರ ಮಾರ್ಚ್‌ನಲ್ಲಿ ಸಂಸತ್ತು ಸಂವಿಧಾನದ ಮೊದಲ ನಾಲ್ಕು ಅಧ್ಯಾಯಗಳನ್ನು ತಿದ್ದಿ, ಜನರೇ ನೇರವಾಗಿ ಓಟು ಹಾಕುವ ದಾರಿಗೆ ಹೊರಟಿತು. ಪುಂಟ್‌ಲ್ಯಾಂಡ್ ರಾಜ್ಯ ಒಪ್ಪಲಿಲ್ಲ. ಈ ಸಾಲನ್ನು ಪೆನ್ನಿನಲ್ಲಿ ಬರೆಯಬೇಡಿ. ಪಕ್ಕದಲ್ಲಿ ನೀವು ಬರೆದ ದಿನಾಂಕ ಹಾಕಿ, ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಡಿ.