ಗೊತ್ತಿರುವ ಪಾಠದಲ್ಲೇ ಅಂಕ ಹೋಗುತ್ತದೆ: ಪಿಯುಸಿ ಜೀವಶಾಸ್ತ್ರದ ಆರೋಗ್ಯ ಅಧ್ಯಾಯ ಓದುವುದು ಹೇಗೆ?

ದ್ವಿತೀಯ ಪಿಯುಸಿಯ ವಿಜ್ಞಾನ ವಿದ್ಯಾರ್ಥಿಗಳನ್ನು ಜೀವಶಾಸ್ತ್ರದಲ್ಲಿ ಕಷ್ಟದ ಪಾಠ ಯಾವುದು ಎಂದು ಕೇಳಿದರೆ ಡಿಎನ್‌ಎ, ಆರ್‌ಎನ್‌ಎಗಳ ಪಾಠದ ಹೆಸರು ಹೇಳುತ್ತಾರೆ. ಸುಲಭದ ಪಾಠ ಯಾವುದು ಎಂದರೆ ‘ಮಾನವನ ಆರೋಗ್ಯ ಮತ್ತು ರೋಗಗಳು’ ಎನ್ನುತ್ತಾರೆ. ಸೊಳ್ಳೆ ಕಚ್ಚಿದರೆ ಮಲೇರಿಯಾ, ಕಲುಷಿತ ನೀರು ಕುಡಿದರೆ ಟೈಫಾಯ್ಡ್, ಲಸಿಕೆ ಹಾಕಿಸಿಕೊಂಡರೆ ರಕ್ಷಣೆ. ಇದೆಲ್ಲ ಪ್ರಾಥಮಿಕ ಶಾಲೆಯಿಂದಲೂ ಕೇಳಿದ್ದೇ. ಹಾಗಾಗಿ ಒಮ್ಮೆ ಕಣ್ಣಾಡಿಸಿ ಪುಸ್ತಕ ಮುಚ್ಚಿಡುತ್ತಾರೆ. ಕಷ್ಟದ ಪಾಠಕ್ಕೆ ಕೊಟ್ಟ ಸಮಯದ ಕಾಲುಭಾಗವೂ ಇದಕ್ಕೆ ಸಿಗುವುದಿಲ್ಲ.

ಉತ್ತರಪತ್ರಿಕೆ ತಿದ್ದುವವರಿಗೆ ಇದರ ಫಲ ಚೆನ್ನಾಗಿ ಗೊತ್ತು. ವಿದ್ಯಾರ್ಥಿ ಅರ್ಧ ಪುಟ ಬರೆದಿರುತ್ತಾನೆ. ಬರೆದದ್ದರಲ್ಲಿ ಸುಳ್ಳೇನೂ ಇರುವುದಿಲ್ಲ, ಆದರೆ ಅಂಕ ಕೊಡಲು ಆಧಾರವಾಗುವ ಒಂದು ಪದವೂ ಅಲ್ಲಿರುವುದಿಲ್ಲ. ಮನೆಯಲ್ಲಿ, ಟಿವಿಯಲ್ಲಿ ಕೇಳಿ ತಿಳಿದದ್ದು ಬೇರೆ, ಪರೀಕ್ಷೆ ಕೇಳುವುದು ಬೇರೆ. ಯಾವ ಜೀವಿ, ದೇಹದ ಯಾವ ಭಾಗ, ಯಾವ ಜೀವಕೋಶ, ಯಾವುದಾದ ಮೇಲೆ ಯಾವುದು: ಪ್ರಶ್ನೆಪತ್ರಿಕೆ ಕೇಳುವುದು ಇದನ್ನು. ಈ ಅಧ್ಯಾಯದ ಓದು ಪೂರ್ತಿ ನಿಂತಿರುವುದು ಈ ನಾಲ್ಕು ಪ್ರಶ್ನೆಗಳ ಮೇಲೆಯೇ.

ಹೆಜ್ಜೆ 1: ಪುಸ್ತಕ ತೆರೆಯುವ ಮೊದಲೇ ಬರೆಯಿರಿ

ಒಂದು ಖಾಲಿ ಹಾಳೆ ತೆಗೆದುಕೊಂಡು ಟೈಫಾಯ್ಡ್ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಬರೆಯಿರಿ. ಐದು ನಿಮಿಷ ಸಾಕು. ಆಮೇಲೆ ಪಠ್ಯದಲ್ಲಿ ಆ ಭಾಗ ಓದಿ, ಬಿಟ್ಟುಹೋದದ್ದನ್ನು ಅದೇ ಹಾಳೆಯಲ್ಲಿ ಬೇರೆ ಬಣ್ಣದ ಪೆನ್ನಿನಿಂದ ಸೇರಿಸಿ. ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ, ಅದು ಸಣ್ಣ ಕರುಳನ್ನು ಹೊಕ್ಕು ಅಲ್ಲಿಂದ ರಕ್ತದ ಮೂಲಕ ಬೇರೆ ಅಂಗಗಳಿಗೆ ಹೋಗುವುದು, ಬಿಡದೆ ಕಾಡುವ 39ರಿಂದ 40 ಡಿಗ್ರಿ ಸೆಲ್ಸಿಯಸ್ ಜ್ವರ, ಹೊಟ್ಟೆನೋವು, ಮಲಬದ್ಧತೆ, ರೋಗ ಉಲ್ಬಣಿಸಿದರೆ ಕರುಳಿನಲ್ಲಿ ರಂಧ್ರ, ಖಚಿತಪಡಿಸಿಕೊಳ್ಳಲು ವಿಡಾಲ್ ಪರೀಕ್ಷೆ. ಇವುಗಳಲ್ಲಿ ಎಷ್ಟು ಮೊದಲ ಬಣ್ಣದಲ್ಲಿವೆ, ಎಷ್ಟು ಎರಡನೇ ಬಣ್ಣದಲ್ಲಿವೆ ನೋಡಿಕೊಳ್ಳಿ. ಎರಡನೇ ಬಣ್ಣದ ಸಾಲುಗಳೇ ನೀವು ಇನ್ನು ಓದಬೇಕಾದ ಪಾಠ.

ಟೈಫಾಯ್ಡ್ ಪತ್ತೆಗೆ ವೈದ್ಯರು ಇಂದು ವಿಡಾಲ್‌ಗಿಂತ ರಕ್ತದ ಕಲ್ಚರ್ ಪರೀಕ್ಷೆಯನ್ನು ಹೆಚ್ಚು ನಂಬುತ್ತಾರೆ. ಈ ತಿಳಿವಳಿಕೆ ನಿಮಗಿರಲಿ. ಪರೀಕ್ಷೆಯಲ್ಲಿ ಮಾತ್ರ ಪಠ್ಯದಲ್ಲಿರುವ ವಿಡಾಲ್ ಹೆಸರನ್ನೇ ಬರೆಯಿರಿ.

ಹೆಜ್ಜೆ 2: ರೋಗಗಳಿಗೆ ಒಂದೇ ಕೋಷ್ಟಕ

ದೊಡ್ಡ ಹಾಳೆಯೊಂದನ್ನು ಅಡ್ಡಲಾಗಿಟ್ಟು ಆರು ಅಂಕಣ ಎಳೆಯಿರಿ: ರೋಗ, ರೋಗಕಾರಕ, ಅದು ಯಾವ ಗುಂಪಿನ ಜೀವಿ, ಹರಡುವ ದಾರಿ, ನೆಲೆಸುವ ಅಂಗ, ಲಕ್ಷಣ. ಟೈಫಾಯ್ಡ್, ನ್ಯುಮೋನಿಯಾ, ನೆಗಡಿ, ಮಲೇರಿಯಾ, ಅಮೀಬಿಯಾಸಿಸ್, ಆಸ್ಕೇರಿಯಾಸಿಸ್, ಫೈಲೇರಿಯಾಸಿಸ್, ರಿಂಗ್‌ವರ್ಮ್ ಎಲ್ಲವೂ ಆ ಒಂದೇ ಹಾಳೆಯಲ್ಲಿ ಹಿಡಿಯುತ್ತವೆ. ಅಂಗಡಿಯಲ್ಲಿ ಸಿಗುವ ಸಿದ್ಧ ಕೋಷ್ಟಕ ಕೊಳ್ಳಬೇಡಿ. ನಿಮ್ಮ ಕೈಯಲ್ಲಿ ನೀವೇ ಎಳೆದದ್ದೇ ನೆನಪಿನಲ್ಲಿ ಉಳಿಯುವುದು.

ಹೆಚ್ಚಿನವರು ಎಡವುವುದು ‘ನೆಲೆಸುವ ಅಂಗ’ದ ಅಂಕಣದಲ್ಲಿ. ನೆಗಡಿಯ ರೈನೋವೈರಸ್ ಮೂಗನ್ನೂ ಉಸಿರಾಟದ ಮಾರ್ಗವನ್ನೂ ಹಿಡಿಯುತ್ತದೆ, ಶ್ವಾಸಕೋಶವನ್ನಲ್ಲ. ನ್ಯುಮೋನಿಯಾದಲ್ಲಿ ಶ್ವಾಸಕೋಶದ ಗಾಳಿಗೂಡುಗಳಲ್ಲಿಯೇ ದ್ರವ ತುಂಬುತ್ತದೆ. ಟೈಫಾಯ್ಡ್ ಸಣ್ಣ ಕರುಳಿನ ರೋಗ, ಅಮೀಬಿಯಾಸಿಸ್ ದೊಡ್ಡ ಕರುಳಿನದು. ಫೈಲೇರಿಯಾ ಹುಳುಗಳು ಸಾಮಾನ್ಯವಾಗಿ ನೆಲೆಸುವುದು ಕಾಲಿನ ದುಗ್ಧನಾಳಗಳಲ್ಲಿ, ರಕ್ತನಾಳಗಳಲ್ಲಲ್ಲ. ಬಹು ಆಯ್ಕೆಯ ಪ್ರಶ್ನೆ ಸಿದ್ಧಪಡಿಸುವವರು ಇಂಥ ಜೋಡಿಗಳನ್ನೇ ಹುಡುಕಿ ತೆಗೆಯುತ್ತಾರೆ. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ ಮೀಸಲು, ಅಲ್ಲೂ ಇದೇ ಎನ್‌ಸಿಇಆರ್‌ಟಿ ಪಾಠ. ಒಂದು ಕೋಷ್ಟಕ ಎರಡೂ ಕಡೆ ದುಡಿಯುತ್ತದೆ.

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ರೋಗದ ಹೆಸರಿನ ಪಕ್ಕದಲ್ಲಿ ಮನೆಯ ಹೆಸರನ್ನೂ ಬರೆದಿಟ್ಟುಕೊಳ್ಳಿ: ವಿಷಮಶೀತ ಜ್ವರ, ಆಮಶಂಕೆ, ಜಂತುಹುಳು, ಆನೆಕಾಲು, ಹುಳುಕಡ್ಡಿ. ತೊಡಕು ಇರುವುದು ಇಂಗ್ಲಿಷ್ ಪದದಲ್ಲಿ ಮಾತ್ರ, ರೋಗ ನಿಮಗೆ ಪರಿಚಿತವೇ ಎಂಬ ಧೈರ್ಯ ಬರುತ್ತದೆ.

ಕೋಷ್ಟಕ ತುಂಬಿದ ಮೇಲೆ ಪಠ್ಯದಲ್ಲಿಲ್ಲದ ಒಂದು ರೋಗವನ್ನು ಅದೇ ಅಂಕಣಗಳಲ್ಲಿ ಕೂರಿಸಿ ನೋಡಿ. ಮಲೆನಾಡಿನ ಮಂಗನ ಕಾಯಿಲೆ ಇದಕ್ಕೆ ತಕ್ಕದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗವಿದು. ರೋಗಕಾರಕ ವೈರಸ್, ಹರಡುವುದು ಉಣುಗು. ಕಾಡಿನಲ್ಲಿ ಮಂಗಗಳು ಸತ್ತರೆ ಅದೇ ಎಚ್ಚರಿಕೆಯ ಗಂಟೆ. ಯಾವ ಅಂಕಣ ತುಂಬಲು ನೀವು ತಡವರಿಸಿದಿರೋ ಆ ಅಂಕಣದ ಬಗ್ಗೆ ನಿಮ್ಮ ತಿಳಿವು ಇನ್ನೂ ಗಟ್ಟಿಯಾಗಿಲ್ಲ.

ಹೆಜ್ಜೆ 3: ಮಲೇರಿಯಾಕ್ಕೆ ಒಂದು ಸಂಜೆ ಪೂರ್ತಿ ಕೊಡಿ

ಮಲೇರಿಯಾ ತರುವ ಪರಾವಲಂಬಿ ಪ್ಲಾಸ್ಮೋಡಿಯಂನ ಜೀವನಚಕ್ರ ಈ ಅಧ್ಯಾಯದಲ್ಲಿ ಐದು ಅಂಕಕ್ಕೆ ಬರಬಲ್ಲ ಪ್ರಶ್ನೆ. ಪುಸ್ತಕದ ಚಿತ್ರವನ್ನು ನಕಲು ಮಾಡುವುದರಿಂದ ಪ್ರಯೋಜನ ಕಡಿಮೆ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಮನುಷ್ಯ, ಬಲಕ್ಕೆ ಸೊಳ್ಳೆ ಎಂದು ಬರೆಯಿರಿ. ಈಗ ಪರಾವಲಂಬಿಯ ಜೊತೆಗೇ ಹೊರಡಿ.

ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚುತ್ತದೆ. ಅದರ ಜೊಲ್ಲಿನೊಂದಿಗೆ ಸ್ಪೋರೋಜಾಯಿಟ್‌ಗಳು, ಅಂದರೆ ಪರಾವಲಂಬಿಯ ಸೋಂಕು ತರುವ ರೂಪ, ಮನುಷ್ಯನ ರಕ್ತಕ್ಕೆ ಇಳಿಯುತ್ತವೆ. ಅವು ಮೊದಲು ತಲುಪುವುದು ಯಕೃತ್ತನ್ನು. ಅಲ್ಲಿನ ಜೀವಕೋಶಗಳಲ್ಲಿ ಅಲೈಂಗಿಕವಾಗಿ ಹೆಚ್ಚಿ, ಕೋಶ ಒಡೆದು ಹೊರಬಂದು, ಕೆಂಪು ರಕ್ತಕಣಗಳಿಗೆ ದಾಳಿ ಇಡುತ್ತವೆ. ರಕ್ತಕಣಗಳು ಒಡೆದಾಗ ಹೀಮೋಜಾಯಿನ್ ಎಂಬ ವಿಷವಸ್ತು ಬಿಡುಗಡೆಯಾಗುತ್ತದೆ. ಮೂರು ನಾಲ್ಕು ದಿನಗಳಿಗೊಮ್ಮೆ ಮರುಕಳಿಸುವ ಚಳಿ ಮತ್ತು ತೀವ್ರ ಜ್ವರಕ್ಕೆ ಇದೇ ಕಾರಣ. ಇದರ ನಡುವೆ ಕೆಂಪು ರಕ್ತಕಣಗಳಲ್ಲೇ ಪರಾವಲಂಬಿಯ ಲೈಂಗಿಕ ಹಂತವಾದ ಗ್ಯಾಮಿಟೋಸೈಟ್‌ಗಳು ರೂಪುಗೊಳ್ಳುತ್ತವೆ. ಇನ್ನೊಂದು ಸೊಳ್ಳೆ ಬಂದು ಅವನ್ನು ರಕ್ತದ ಜೊತೆ ಹೀರುತ್ತದೆ. ಇಲ್ಲಿಗೆ ನಿಮ್ಮ ಪೆನ್ನು ನಡುಗೆರೆ ದಾಟಬೇಕು. ನಿಷೇಚನ ನಡೆಯುವುದು ಸೊಳ್ಳೆಯ ಕರುಳಿನಲ್ಲಿ. ಅಲ್ಲಿಂದ ಬೆಳೆದ ಹೊಸ ಸ್ಪೋರೋಜಾಯಿಟ್‌ಗಳು ಸೊಳ್ಳೆಯ ಜೊಲ್ಲುಗ್ರಂಥಿ ಸೇರಿ ಮುಂದಿನ ಕಡಿತಕ್ಕೆ ಕಾಯುತ್ತವೆ.

ಗ್ಯಾಮಿಟೋಸೈಟ್ ರೂಪುಗೊಳ್ಳುವ ಜಾಗ ಮತ್ತು ನಿಷೇಚನದ ಜಾಗ ಈ ಎರಡನ್ನು ಅದಲುಬದಲು ಮಾಡುವವರೇ ಹೆಚ್ಚು. ಇದಕ್ಕೆ ಇತಿಹಾಸದ ನೆರವು ಪಡೆಯಿರಿ. ರೊನಾಲ್ಡ್ ರಾಸ್ 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಈ ಪರಾವಲಂಬಿಯನ್ನು ಕಂಡದ್ದು ಸೊಳ್ಳೆಯ ಜಠರದ ಗೋಡೆಯಲ್ಲಿ. ಆ ಶೋಧಕ್ಕೆ 1902ರಲ್ಲಿ ನೊಬೆಲ್ ಬಂತು. ಸೊಳ್ಳೆಯ ಹೊಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿರುವ ರಾಸ್ ಕಣ್ಣಮುಂದಿದ್ದರೆ ನಿಷೇಚನದ ಜಾಗ ತಪ್ಪುವುದಿಲ್ಲ.

ಪುಸ್ತಕ ಮುಚ್ಚಿ ಈ ಚಕ್ರವನ್ನು ತಪ್ಪಿಲ್ಲದೆ ಎಳೆಯಲು ಬರುವವರೆಗೆ ಮುಂದಿನ ಭಾಗಕ್ಕೆ ಹೋಗಬೇಡಿ. ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳಿಗೂ ಈ ಶ್ರಮ ನೆರವಾಗುತ್ತದೆ. ಪ್ಲಾಸ್ಮೋಡಿಯಂ, ಎಂಟಮೀಬಾ, ಆಸ್ಕೇರಿಸ್ ಸ್ಲೈಡುಗಳನ್ನು ಪ್ರಯೋಗಾಲಯದಲ್ಲಿ ನೋಡುವಾಗ ಕೋಷ್ಟಕದ ಹಾಳೆ ಜೊತೆಗಿರಲಿ.

ಹೆಜ್ಜೆ 4: ರೋಗನಿರೋಧಕ ಶಕ್ತಿಯನ್ನು ಘಟನೆಯಾಗಿ ಓದಿ

ಈ ಭಾಗದಲ್ಲಿ ಪಟ್ಟಿಗಳು ವಿಪರೀತ. ಜನ್ಮಜಾತ ರೋಗನಿರೋಧಕತೆಗೆ ಭೌತಿಕ, ಶಾರೀರಿಕ, ಕೋಶೀಯ, ಸೈಟೋಕೈನ್ ಎಂಬ ನಾಲ್ಕು ತಡೆಗಳು. ಪಟ್ಟಿಯನ್ನೇ ಉರು ಹೊಡೆದರೆ ಪರೀಕ್ಷಾ ಕೊಠಡಿಯಲ್ಲಿ ಮೂರು ನೆನಪಾಗಿ ನಾಲ್ಕನೆಯದು ಕೈಕೊಡುತ್ತದೆ. ಬದಲಿಗೆ ಒಂದು ಬ್ಯಾಕ್ಟೀರಿಯಾ ನಿಮ್ಮ ದೇಹಕ್ಕೆ ನುಗ್ಗಲು ನೋಡುತ್ತಿದೆ ಎಂದುಕೊಂಡು ಹೊರಗಿನಿಂದ ಒಳಗೆ ಬನ್ನಿ. ಮೊದಲು ಎದುರಾಗುವುದು ಚರ್ಮ ಮತ್ತು ಲೋಳೆಪದರ. ಬಾಯಿಯಲ್ಲಿ ಜೊಲ್ಲು, ಕಣ್ಣಿನಲ್ಲಿ ಕಣ್ಣೀರು, ಜಠರದಲ್ಲಿ ಆಮ್ಲ. ಅದನ್ನೂ ದಾಟಿದರೆ ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್‌ನಂಥ ನುಂಗುವ ಕೋಶಗಳು. ಬಂದದ್ದು ವೈರಸ್ ಆಗಿದ್ದರೆ, ಸೋಂಕಿತ ಕೋಶಗಳು ಇಂಟರ್‌ಫೆರಾನ್ ಸ್ರವಿಸಿ ನೆರೆಯ ಕೋಶಗಳನ್ನು ಕಾಪಾಡುತ್ತವೆ. ನಾಲ್ಕೂ ತಡೆಗಳು ಕ್ರಮವಾಗಿ ಬಂದುಬಿಟ್ಟವು.

ಸಕ್ರಿಯ ಮತ್ತು ನಿಷ್ಕ್ರಿಯ ರೋಗನಿರೋಧಕತೆಯ ವ್ಯತ್ಯಾಸಕ್ಕೆ ಹಳ್ಳಿಯ ಆಸ್ಪತ್ರೆಯೇ ಉದಾಹರಣೆ. ಹಾವು ಕಚ್ಚಿದವರಿಗೆ ಲಸಿಕೆ ಕೊಟ್ಟು, ದೇಹ ಪ್ರತಿಕಾಯ (ಆ್ಯಂಟಿಬಾಡಿ) ತಯಾರಿಸಲಿ ಎಂದು ಕಾಯುತ್ತಾ ಕೂರಲು ಸಮಯವಿರುವುದಿಲ್ಲ. ಸಿದ್ಧ ಪ್ರತಿಕಾಯಗಳನ್ನೇ ಚುಚ್ಚುತ್ತಾರೆ, ಆದ್ದರಿಂದ ಅದು ನಿಷ್ಕ್ರಿಯ. ಮಗುವಿಗೆ ಹಾಕುವ ಪೋಲಿಯೊ ಹನಿಯಿಂದ ಮಗುವಿನ ದೇಹವೇ ಪ್ರತಿಕಾಯ ತಯಾರಿಸುತ್ತದೆ, ಅದು ಸಕ್ರಿಯ. ಹೆರಿಗೆಯಾದ ಮೊದಲ ದಿನಗಳ ತಾಯಿಯ ಹಳದಿ ಹಾಲಿನಲ್ಲಿ ಐಜಿಎ ಎಂಬ ಪ್ರತಿಕಾಯ ಹೇರಳವಾಗಿರುತ್ತದೆ. ಮಗುವಿಗೆ ಪ್ರತಿಕಾಯ ಸಿದ್ಧವಾಗಿಯೇ ಸಿಗುವುದರಿಂದ ಅದೂ ನಿಷ್ಕ್ರಿಯ. ಈ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲು ಬಂದರೆ ವ್ಯತ್ಯಾಸದ ಪ್ರಶ್ನೆಗೆ ಹೆದರಬೇಕಿಲ್ಲ.

ಪ್ರತಿಕಾಯದ ಚಿತ್ರವನ್ನು ಮಾತ್ರ ಅಭ್ಯಾಸ ಮಾಡಲೇಬೇಕು. ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ, ನಡುವೆ ಡೈಸಲ್ಫೈಡ್ ಬಂಧ, ತುದಿಯಲ್ಲಿ ಪ್ರತಿಜನಕ ಕೂರುವ ಜಾಗ. ಹೆಸರಿಸದ ಚಿತ್ರಕ್ಕೆ ಪೂರ್ಣ ಅಂಕ ಬರುವುದಿಲ್ಲ.

ಹೆಜ್ಜೆ 5: ಏಡ್ಸ್, ಕ್ಯಾನ್ಸರ್, ಮಾದಕವಸ್ತು

ಎಚ್‌ಐವಿಯನ್ನೂ ಪ್ಲಾಸ್ಮೋಡಿಯಂನಂತೆಯೇ ಬೆನ್ನುಹತ್ತಿ. ಅದು ಮೊದಲು ಮ್ಯಾಕ್ರೋಫೇಜ್ ಹೊಗುತ್ತದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ ಅದರ ಆರ್‌ಎನ್‌ಎಯಿಂದ ಡಿಎನ್‌ಎ ತಯಾರಿಸುತ್ತದೆ, ಆ ಡಿಎನ್‌ಎ ಆತಿಥೇಯ ಕೋಶದ ಡಿಎನ್‌ಎಯೊಳಗೆ ಸೇರಿಕೊಂಡು ಹೊಸ ವೈರಸ್‌ಗಳನ್ನು ಮಾಡಿಸುತ್ತದೆ. ಅವು ಹೆಲ್ಪರ್ ಟಿ ಲಿಂಫೋಸೈಟ್‌ಗಳನ್ನು ಮುತ್ತಿದಂತೆ ಅವುಗಳ ಸಂಖ್ಯೆ ಕುಸಿಯುತ್ತದೆ. ಬೇರೆಯವರ ದೇಹ ಸುಲಭವಾಗಿ ತಡೆಯುವ ಸೋಂಕುಗಳೂ ಆಗ ರೋಗಿಯನ್ನು ಹಣ್ಣು ಮಾಡುತ್ತವೆ. ಪತ್ತೆಗೆ ಎಲೈಸಾ ಎಂಬ ಪರೀಕ್ಷೆ.

ಕ್ಯಾನ್ಸರ್ ಭಾಗದಲ್ಲಿ ಸಂಪರ್ಕ ಪ್ರತಿಬಂಧ (ನೆರೆಯ ಕೋಶ ತಾಗಿದಾಗ ಬೆಳವಣಿಗೆ ನಿಲ್ಲಿಸುವ ಗುಣ, ಕ್ಯಾನ್ಸರ್ ಕೋಶ ಕಳೆದುಕೊಳ್ಳುವುದು ಇದನ್ನೇ), ಮೆಟಾಸ್ಟಾಸಿಸ್ (ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೆ ಹರಡುವುದು) ಈ ಎರಡು ಪದ ಬಿಡದೆ ಉತ್ತರ ಬರೆದರೆ ಬಹುಪಾಲು ಕೆಲಸ ಮುಗಿದಂತೆ.

ಮಾದಕವಸ್ತುಗಳಿಗೆ ಮೂರು ಸಾಲಿನ ಪುಟ್ಟ ಕೋಷ್ಟಕ ಸಾಕು. ಹೆರಾಯಿನ್: ಪಪಾವರ್ ಸಾಮ್ನಿಫೆರಮ್ ಎಂಬ ಗಸಗಸೆ ಗಿಡ. ಗಾಂಜಾ: ಕ್ಯಾನಬಿಸ್ ಸಟೈವಾ. ಕೊಕೇನ್: ಎರಿತ್ರಾಕ್ಸಿಲಂ ಕೋಕಾ, ಅದು ಡೋಪಮೈನ್ ಸಾಗಣೆಗೆ ಅಡ್ಡಿ ಮಾಡುತ್ತದೆ. ಈ ಪುಟಗಳು ಹದಿಹರೆಯದ ಬಗ್ಗೆ ಹೇಳುವುದು ನಿಮ್ಮ ವಯಸ್ಸಿನ ಬಗ್ಗೆಯೇ. ಪರೀಕ್ಷೆಯ ಒತ್ತಡವಾಗಲಿ ಗೆಳೆಯರ ಒತ್ತಾಯವಾಗಲಿ ತಡೆಯಲಾಗದಂತಾದರೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಹೆಜ್ಜೆ 6: ಸಂತಾನೋತ್ಪತ್ತಿ ಆರೋಗ್ಯದ ಪಾಠವನ್ನು ಹಾರಿಸಬೇಡಿ

ಎಷ್ಟೋ ತರಗತಿಗಳಲ್ಲಿ ಈ ಪಾಠ ಸಂಕೋಚದಿಂದಲೇ ಓಡುತ್ತದೆ. ಮೇಷ್ಟರು ತಲೆ ತಗ್ಗಿಸಿ ಓದಿ ಮುಗಿಸುತ್ತಾರೆ, ಮಕ್ಕಳು ಪ್ರಶ್ನೆ ಕೇಳುವುದಿಲ್ಲ. ಇದು ನನಗೆ ತುಂಬಾ ಬೇಸರ ತರುವ ಸಂಗತಿ. ಜೀವನಕ್ಕೆ ಇಷ್ಟು ಹತ್ತಿರದ ಇನ್ನೊಂದು ಪಾಠ ಆ ಪುಸ್ತಕದಲ್ಲಿಲ್ಲ. ತರಗತಿಯಲ್ಲಿ ಆಗದಿದ್ದರೆ ಇಬ್ಬರು ಮೂವರು ಸೇರಿ ಗಟ್ಟಿಯಾಗಿ ಓದಿಕೊಳ್ಳಿ, ಸಂಕೋಚ ತಾನಾಗಿಯೇ ಕಳೆಯುತ್ತದೆ.

ಇಲ್ಲಿ ಗೊಂದಲವಾಗುವುದು ಮಕ್ಕಳಾಗದವರಿಗೆ ನೆರವಾಗುವ ವಿಧಾನಗಳ ಸಂಕ್ಷಿಪ್ತ ಹೆಸರುಗಳಿಂದ. ಪ್ರತಿಯೊಂದಕ್ಕೂ ‘ಏನನ್ನು, ಎಲ್ಲಿಗೆ’ ಎಂಬ ಎರಡೇ ಪ್ರಶ್ನೆ ಹಾಕಿ. ಝಿಫ್ಟ್ (ZIFT), ಜಿಫ್ಟ್ (GIFT) ವಿಧಾನಗಳಲ್ಲಿ ಝಡ್‌ನಿಂದ ಶುರುವಾಗುವುದರಲ್ಲಿ ಯುಗ್ಮಜ ಅಥವಾ ಎಂಟು ಕೋಶಗಳವರೆಗಿನ ಭ್ರೂಣವನ್ನು ಅಂಡನಾಳಕ್ಕೆ ಸೇರಿಸುತ್ತಾರೆ. ಜಿಯಿಂದ ಶುರುವಾಗುವುದರಲ್ಲಿ ದಾನಿಯ ಅಂಡಾಣುವನ್ನು ಅಂಡನಾಳಕ್ಕೆ. ಐಯುಟಿಯಲ್ಲಿ ಎಂಟಕ್ಕಿಂತ ಹೆಚ್ಚು ಕೋಶಗಳ ಭ್ರೂಣವನ್ನು ಗರ್ಭಕೋಶಕ್ಕೆ. ಐಸಿಎಸ್‌ಐಯಲ್ಲಿ ವೀರ್ಯಾಣುವನ್ನು ನೇರವಾಗಿ ಅಂಡಾಣುವಿನೊಳಕ್ಕೆ. ಲೈಂಗಿಕವಾಗಿ ಹರಡುವ ಸೋಂಕುಗಳಲ್ಲಿ ಹೆಪಟೈಟಿಸ್-ಬಿ, ಜನನಾಂಗದ ಹರ್ಪಿಸ್, ಎಚ್‌ಐವಿ ಬಿಟ್ಟು ಉಳಿದವು ಬೇಗ ಪತ್ತೆಯಾದರೆ ಪೂರ್ತಿ ವಾಸಿಯಾಗುತ್ತವೆ ಎಂಬ ಪಠ್ಯದ ವಾಕ್ಯಕ್ಕೆ ಗೆರೆ ಎಳೆದಿಡಿ.

ಹೆಜ್ಜೆ 7: ಅಂಕ ನೋಡಿ ಉತ್ತರ ಅಳೆಯಿರಿ

ಲಿಖಿತ ಪರೀಕ್ಷೆಯ 70 ಅಂಕಗಳು ಒಂದು, ಎರಡು, ಮೂರು ಮತ್ತು ಐದು ಅಂಕಗಳ ಪ್ರಶ್ನೆಗಳಲ್ಲಿ ಹಂಚಿಹೋಗಿರುತ್ತವೆ. ಮೂರು ಅಂಕ ಎಂದರೆ ಮೂರು ಬೇರೆ ಬೇರೆ ಅಂಶ. ಒಂದೇ ಅಂಶವನ್ನು ಮೂರು ರೀತಿಯಲ್ಲಿ ಹೇಳಿದರೆ ಸಿಗುವುದು ಒಂದೇ ಅಂಕ.

ಪ್ರಶ್ನೆ ಹೀಗಿದೆ ಎಂದುಕೊಳ್ಳಿ: ಅದೇ ರೋಗಕಾರಕ ಎರಡನೇ ಬಾರಿ ಬಂದಾಗ ದೇಹದ ಪ್ರತಿಕ್ರಿಯೆ ಹೆಚ್ಚು ತೀವ್ರವಾಗಿರುತ್ತದೆ, ಏಕೆ? ಹೆಚ್ಚಿನವರು ಬರೆಯುವ ಉತ್ತರ: ‘ದೇಹಕ್ಕೆ ಆ ರೋಗ ಮೊದಲೇ ಪರಿಚಯವಾಗಿರುವುದರಿಂದ ಬೇಗ ಎದುರಿಸುತ್ತದೆ.’ ಇದರಲ್ಲಿ ಸುಳ್ಳಿಲ್ಲ, ಆದರೆ ಸಾಲದು. ಹೀಗೆ ಬರೆಯಿರಿ: ‘ಮೊದಲ ಸಂಪರ್ಕದಲ್ಲಿ ಕಡಿಮೆ ತೀವ್ರತೆಯ ಪ್ರಾಥಮಿಕ ಪ್ರತಿಕ್ರಿಯೆ ಉಂಟಾಗುತ್ತದೆ. ಆಗ ರೂಪುಗೊಂಡ ಸ್ಮೃತಿ ಲಿಂಫೋಸೈಟ್‌ಗಳು ದೇಹದಲ್ಲಿ ಉಳಿಯುತ್ತವೆ. ಅದೇ ರೋಗಕಾರಕ ಮತ್ತೆ ಬಂದಾಗ ಅವುಗಳಿಂದ ಅತಿ ತೀವ್ರವಾದ ದ್ವಿತೀಯಕ ಅಥವಾ ಅನಾಮ್ನೆಸ್ಟಿಕ್ ಪ್ರತಿಕ್ರಿಯೆ ಉಂಟಾಗುತ್ತದೆ.’ ಮೂರು ವಾಕ್ಯ, ಮೂರು ಅಂಶ. ಪುಟವೇನೂ ದೊಡ್ಡದಾಗಲಿಲ್ಲ.

ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನೂ ಪರೀಕ್ಷಾ ಮಂಡಳಿಯ ಮಾದರಿ ಪತ್ರಿಕೆಗಳನ್ನೂ ಗಡಿಯಾರ ಇಟ್ಟುಕೊಂಡು ಬರೆಯಿರಿ, ಉತ್ತರವನ್ನು ಉಪನ್ಯಾಸಕರಿಗೆ ತೋರಿಸಿ. ಹಿಂದಿನ ವರ್ಷ ಪಾಸಾದವರು ಯಾರಾದರೂ ತಮ್ಮ ಉತ್ತರಪತ್ರಿಕೆಯ ನಕಲು ತರಿಸಿಕೊಂಡಿದ್ದರೆ ಕೇಳಿ ನೋಡಿ. ಅಂಕ ಎಲ್ಲಿ ಬಿತ್ತು, ಎಲ್ಲಿ ತಪ್ಪಿತು ಎಂಬುದು ಯಾವ ಗೈಡಿಗಿಂತಲೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹೆಜ್ಜೆ 8: ಮರೆಯುವ ಹೊತ್ತಿಗೆ ಮತ್ತೆ ಬರೆಯಿರಿ

ಮರುದಿನ ಒಮ್ಮೆ, ವಾರದ ನಂತರ ಒಮ್ಮೆ, ತಿಂಗಳ ನಂತರ ಒಮ್ಮೆ ಆರು ಅಂಕಣದ ಕೋಷ್ಟಕವನ್ನು ಖಾಲಿ ಎಳೆದು ನೆನಪಿನಿಂದಲೇ ತುಂಬಿ. ಪುಸ್ತಕವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಇದು ಕಷ್ಟ, ಕೆಲವೊಮ್ಮೆ ಅರ್ಧ ಅಂಕಣ ಖಾಲಿಯೇ ಉಳಿಯುತ್ತದೆ. ಬೇಸರಪಡಬೇಡಿ. ತಡಕಾಡಿ ನೆನಪಿಸಿಕೊಂಡ ಹೆಸರು ಸುಲಭಕ್ಕೆ ಮರೆಯುವುದಿಲ್ಲ. ತುಂಬಲಾಗದ ಜಾಗಗಳಿಗೆ ಸುತ್ತು ಹಾಕಿ, ಪುಸ್ತಕ ತೆರೆದು ಅಷ್ಟನ್ನು ಮಾತ್ರ ನೋಡಿ. ಪರೀಕ್ಷೆಯ ಹಿಂದಿನ ದಿನ ಹೊಸದೇನನ್ನೂ ಹಿಡಿಯಬೇಡಿ. ಸುತ್ತು ಹಾಕಿದ ಆ ಜಾಗಗಳು, ಮಲೇರಿಯಾದ ಚಕ್ರ ಮತ್ತು ಪ್ರತಿಕಾಯದ ಚಿತ್ರ, ಇಷ್ಟನ್ನು ಒಮ್ಮೆ ಬರೆದು ನೋಡಿ ಹೊತ್ತಿಗೆ ಸರಿಯಾಗಿ ಮಲಗಿ.