ಫೋನಿಗೆ ನೆಟ್ ಇದೆ, ಕಂಪ್ಯೂಟರಿಗೆ ಯಾಕಿಲ್ಲ?

ಕಸ್ಟಮರ್ ಕೇರಿಗೆ ಫೋನ್ ಹಚ್ಚುವ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈನಲ್ಲಿ ಯಾವುದಾದರೂ ಪುಟ ತೆರೆದು ನೋಡಿ. ಅಲ್ಲೂ ಬರಲಿಲ್ಲ, ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿಣುಕುತ್ತಿದೆ ಎಂದರೆ ಹೊರಗಿನ ಲೈನಿನಿಂದ ಬೆಳಕೇ ಬರುತ್ತಿಲ್ಲ. ಲೈನ್‌ಮನ್ ಬರುವ ತನಕ ಕಾಯಬೇಕು. ಮೊಬೈಲಿನಲ್ಲಿ ಪುಟ ತೆರೆಯಿತೋ, ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ. ತೊಂದರೆ ರೂಟರಿಗೂ ನಿಮ್ಮ ಕಂಪ್ಯೂಟರಿಗೂ ನಡುವೆಯೇ ಎಲ್ಲೋ ಇದೆ.

ಈಗ ಸಿಪಿಯು ಡಬ್ಬಿಯ ಹಿಂದೆ ಬಗ್ಗಿ ನೋಡಿ. ರೂಟರಿನಿಂದ ಬರುವ ಲ್ಯಾನ್ ಕೇಬಲ್ ಸಿಕ್ಕಿಸುವ ಕಿಂಡಿಯ ಪಕ್ಕ ಸಾಮಾನ್ಯವಾಗಿ ಎರಡು ಪುಟ್ಟ ದೀಪಗಳಿರುತ್ತವೆ. ಕಂಪ್ಯೂಟರ್ ಆನ್ ಇದ್ದೂ ಅವು ಹತ್ತಿಲ್ಲವೆಂದರೆ ಸೆಟ್ಟಿಂಗ್ ತಡಕುವ ಗೋಜಿಗೇ ಹೋಗಬೇಡಿ, ಮೊದಲು ಕೇಬಲ್ ನೋಡಿ.

ನಮ್ಮ ಮನೆಯಲ್ಲಿ ಎರಡು ದಿನ ಡ್ರೈವರ್ (ಲ್ಯಾನ್ ಕಿಂಡಿಯನ್ನು ನಡೆಸುವ ತಂತ್ರಾಂಶ) ಹಾಕಿ ತೆಗೆದು ಮಾಡಿದ ಮೇಲೆ ಗೊತ್ತಾದದ್ದು ಇಷ್ಟೇ: ಕೇಬಲ್ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಸಿಕ್ಕಿಸಿದಾಗ 'ಟಕ್' ಎನ್ನಬೇಕಾದದ್ದು ಸುಮ್ಮನೆ ಒಳಗೆ ಕೂತಿತ್ತು. ಮೇಜಿನಡಿ ಕಸ ಗುಡಿಸುವಾಗ ಪೊರಕೆ ತಾಗಿದರೆ ಸಾಕು, ಅರ್ಧ ಮಿಲಿಮೀಟರ್ ಹಿಂದೆ ಸರಿಯುತ್ತಿತ್ತು. ಎರಡೂ ತುದಿ ಕಿತ್ತು, ಟಕ್ ಎನ್ನುವಂತೆ ಮತ್ತೆ ಸಿಕ್ಕಿಸಿ. ರೂಟರಿನ ಬೇರೆ ಲ್ಯಾನ್ ಕಿಂಡಿಗೂ ಹಾಕಿ ನೋಡಿ. ಬಾಗಿಲ ಸಂದಿಯಲ್ಲಿ ಜಜ್ಜಿದೆಯೇ, ಇಲಿ ಕಡಿದಿದೆಯೇ ಎಂದು ಉದ್ದಕ್ಕೂ ಕೈಯಾಡಿಸಿ. ಒಳಗಿರುವುದು ಎಂಟು ತಂತಿ. 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು, ಅದರ ಹತ್ತು ಪಟ್ಟು ವೇಗದ ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿ ಒಂದು ತಂತಿ ಹೋದರೂ ನೆಟ್ ಪೂರ್ತಿ ನಿಲ್ಲದೆ, 'ಯಾಕೋ ಸ್ಲೋ' ಅನ್ನಿಸುವುದುಂಟು. ಪಕ್ಕದ ಮನೆಯವರ ಕೇಬಲ್ ಐದು ನಿಮಿಷ ಕಡ ತಂದರೆ ಅನುಮಾನ ಬಗೆಹರಿಯುತ್ತದೆ.

ದೀಪ ಹತ್ತಿದೆ, ಆದರೂ ನೆಟ್ ಇಲ್ಲ ಅನ್ನಿ. ರೂಟರಿನ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಹಾಕಿ, ಕಂಪ್ಯೂಟರನ್ನೂ ರೀಸ್ಟಾರ್ಟ್ ಮಾಡಿ. ರೂಟರಿನ ಬೆನ್ನಲ್ಲಿ ಗುಂಡುಸೂಜಿಯಿಂದ ಒತ್ತುವ ರೀಸೆಟ್ ತೂತು ಮಾತ್ರ ಮುಟ್ಟಬೇಡಿ. ಕಂಪನಿಯವರು ತುಂಬಿಟ್ಟ ಯೂಸರ್ ನೇಮ್, ಪಾಸ್‌ವರ್ಡ್ ಅಳಿಸಿಹೋಗಿ ಇದ್ದ ವೈಫೈಯೂ ಹೋದೀತು.

ಸರಿಹೋಗದಿದ್ದರೆ, ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ (cmd) ಎಂದು ಟೈಪಿಸಿ ಎಂಟರ್ ಒತ್ತಿ. ತೆರೆದ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ (ipconfig) ಎಂದು ಇಂಗ್ಲಿಷಿನಲ್ಲಿ ಹೊಡೆದು ಎಂಟರ್ ಮಾಡಿ. ಈಥರ್ನೆಟ್ (ಲ್ಯಾನ್ ಕೇಬಲ್ ಸಂಪರ್ಕದ ಹೆಸರು) ಎಂಬಲ್ಲಿ ಐಪಿವಿ4 ವಿಳಾಸ, ಅಂದರೆ ರೂಟರ್ ನಿಮ್ಮ ಕಂಪ್ಯೂಟರಿಗೆ ಕೊಡುವ ಅಂಕಿ ವಿಳಾಸ, 192.168 ಎಂದು ಶುರುವಾದರೆ ಬಹುತೇಕ ಮನೆಗಳಲ್ಲಿ ಅದು ಸರಿ. 169.254 ಎಂದಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ, ಕಾದು ಸಾಕಾಗಿ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ. ಆಗ ಐಪಿಕಾನ್ಫಿಗ್ ಬರೆದು ಒಂದು ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ ರಿನ್ಯೂ ಎಂದು ಹೊಡೆಯಿರಿ (ipconfig /renew). ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್‌ನ ಐಪಿ 'ಆಟೊಮ್ಯಾಟಿಕ್' ಇದೆಯೇ ಎಂದೂ ನೋಡಿ. ಹಿಂದೆ ಯಾರೋ ರಿಪೇರಿಯವರು ಕೈಯಾರೆ ತುಂಬಿ ಹೋಗಿರಬಹುದು.

ವಿಳಾಸ ಸರಿಯಿದ್ದರೆ ಅದೇ ಕಪ್ಪು ಕಿಟಕಿಯಲ್ಲಿ ಪಿಂಗ್ (ping) ಎಂದು ಬರೆದು, ಜಾಗ ಬಿಟ್ಟು 8.8.8.8 ಹೊಡೆಯಿರಿ. ಇದು ಗೂಗಲ್‌ನ ಡಿಎನ್‌ಎಸ್ ಸರ್ವರ್, ಅಂದರೆ ವೆಬ್‌ಸೈಟ್ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿಕೊಡುವ ಕಂಪ್ಯೂಟರ್. ಅಲ್ಲಿಂದ ಉತ್ತರ ಬಂದೂ ಬ್ರೌಸರಿನಲ್ಲಿ ಪುಟ ತೆರೆಯುತ್ತಿಲ್ಲವೆಂದರೆ ದಾರಿ ಸರಿಯಿದೆ, ಹೆಚ್ಚಾಗಿ ಹೆಸರು ಹುಡುಕಿಕೊಡುವ ಡಿಎನ್‌ಎಸ್ ಕೈಕೊಟ್ಟಿರುತ್ತದೆ. ಈಥರ್ನೆಟ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ ಅದೇ 8.8.8.8 ತುಂಬಿ ನೋಡಿ.

ಈಥರ್ನೆಟ್ ಎಂಬ ಹೆಸರೇ ಐಪಿಕಾನ್ಫಿಗ್ ತೋರಿಸಿದ ಪಟ್ಟಿಯಲ್ಲಿ ಕಾಣದಿದ್ದರೆ ಡ್ರೈವರ್ ಹೋಗಿರಬಹುದು. ನೆಟ್ಟಿಲ್ಲದೆ ಡ್ರೈವರ್ ತರುವುದೆಲ್ಲಿಂದ? ಮೊಬೈಲನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ (ಮೊಬೈಲಿನ ನೆಟ್ ಕಂಪ್ಯೂಟರಿಗೆ ಹಂಚುವ ಸೌಲಭ್ಯ) ಆನ್ ಮಾಡಿ ಇಳಿಸಿಕೊಳ್ಳಿ.

ಗುಡುಗು ಸಿಡಿಲಿನ ಮಾರನೇ ದಿನ ಹೀಗಾಗಿದ್ದರೆ ಲ್ಯಾನ್ ಕಿಂಡಿಯೇ ಸುಟ್ಟಿರುವ ಸಾಧ್ಯತೆ ಹೆಚ್ಚು. ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಹರಿಯದು. ಆದರೆ ರೂಟರಿನ ಅಡಾಪ್ಟರಿಂದ ಒಳಬಂದ ಹೊಡೆತ ಲ್ಯಾನ್ ಕೇಬಲ್ಲಿನ ತಾಮ್ರದ ಮೇಲೆ ಸಾಗಬಲ್ಲದು. ಇದಕ್ಕೆ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಹೊಸದು ತಂದ ಮೇಲೆ, ಮೋಡ ಗುಡುಗಿದಾಗ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ.