ಬಿಯರ್ ಕೆಟಲ್: ಆರಿಸುವುದು, ಅಣಿಗೊಳಿಸುವುದು

ಬಿಯರ್ ತಯಾರಿಗೆ ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ ರಸವನ್ನು ಹಾಪ್ಸ್ ಎಂಬ ಕಹಿ ಹೂಗಳ ಜೊತೆ ಸುಮಾರು ಒಂದು ತಾಸು ಕುದಿಸಬೇಕು. ಈ ರಸಕ್ಕೆ ವರ್ಟ್, ಅದನ್ನು ಕುದಿಸುವ ಪಾತ್ರೆಗೆ ಕೆಟಲ್ ಎನ್ನುತ್ತಾರೆ. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಲು ಕರ್ನಾಟಕ ಅಬಕಾರಿ ಕಾಯ್ದೆ 1965 ಬಿಡುವುದಿಲ್ಲ. ಹಾಗಾಗಿ ಕೊಪ್ಪಳದಲ್ಲಿ ಮಾಡುವವರು ಹುಳಿಸಿ ಮದ್ಯವಾಗಿಸುವ ಯೀಸ್ಟ್ ಹಾಕದೆ, ವರ್ಟನ್ನೇ ತಣಿಸಿ ಮಾಲ್ಟ್ ಪಾನಕವಾಗಿ ಅಂದೇ ಕುಡಿದು ಮುಗಿಸಿ. ಕೆಟಲ್ ಎರಡಕ್ಕೂ ಒಂದೇ.

ಮೊದಲು ಅಳತೆ. 10 ಲೀಟರ್ ಪಾನಕ ಬೇಕಿದ್ದರೆ 16ರಿಂದ 20 ಲೀಟರ್ ಪಾತ್ರೆ ಕೊಳ್ಳಿ. ಕುದಿ ಏಳುವಾಗ ವರ್ಟ್‌ನ ಪ್ರೋಟೀನ್ ನೊರೆಗಟ್ಟಿ ಹಾಲಿನ ಹಾಗೆ ಉಕ್ಕುತ್ತದೆ. ಆ ಐದು ನಿಮಿಷ ಒಲೆ ಬಿಟ್ಟು ಕದಲಬೇಡಿ. ಮುಚ್ಚಳವನ್ನೂ ಪೂರ್ತಿ ಮುಚ್ಚಬಾರದು, ಬೇಯಿಸಿದ ಕೋಸಿನಂಥ ವಾಸನೆ ಹಬೆಯೊಡನೆ ಹೊರಹೋಗಬೇಕು.

ಬಾಂಡೆ ಅಂಗಡಿಯಲ್ಲಿ ತಳ ದಪ್ಪಗಿರುವ 304 ದರ್ಜೆಯ ಸ್ಟೀಲ್ ಕೇಳಿ. ತೆಳು ತಳದಲ್ಲಿ ಸಕ್ಕರೆ ಸೀದು ಇಡೀ ರಸವೇ ಕಮಟಾಗುತ್ತದೆ. ಅಯಸ್ಕಾಂತ ಹಿಡಿದು ನೋಡಿ ನಂಬಬೇಡಿ: 304ರ ಹಾಗೆಯೇ ಅಗ್ಗದ 202 ದರ್ಜೆಗೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ದರ್ಜೆಯ ಮುದ್ರೆ ನೋಡಿ, ಬಿಲ್‌ನಲ್ಲೂ ಬರೆಸಿಕೊಳ್ಳಿ. ಅಲ್ಯೂಮಿನಿಯಂ ನಡೆಯುತ್ತದೆ, ಆದರೆ ಸೋಡಾ ಹಾಕಿ ತಿಕ್ಕಬಾರದು. ಕಲಾಯಿ ಇಲ್ಲದ ಹಳೆಯ ತಾಮ್ರದ ಹಂಡೆ ಬೇಡವೇ ಬೇಡ.

ಕೆಟಲ್‌ಗೆ ನಲ್ಲಿ ಇದ್ದರೆ ಬಿಸಿ ಪಾತ್ರೆ ಎತ್ತುವ ಅಪಾಯ ತಪ್ಪುತ್ತದೆ, ಅದಕ್ಕೆ ಖರ್ಚು ಮಾಡಿ. ತಳದಿಂದ 2–3 ಸೆಂ.ಮೀ. ಮೇಲೆ ರಂಧ್ರ ಕೊರೆಸಿದರೆ ಗಸಿ ಕೆಳಗೇ ಉಳಿಯುತ್ತದೆ. ಡ್ರಿಲ್ ನಿಧಾನ ತಿರುಗಲಿ, ಎಣ್ಣೆ ಹನಿಸುತ್ತಿರಲಿ. ಅಂಚನ್ನು ಅರದಿಂದ ಉಜ್ಜಿ, ಬಿಸಿ ತಡೆಯುವ ಸಿಲಿಕೋನ್ ವಾಷರ್ ಕೂರಿಸಿ ನಟ್ ಬಿಗಿಯಿರಿ.

ಹೊಸ ಪಾತ್ರೆಗೆ ಯಂತ್ರದ ಎಣ್ಣೆ ಅಂಟಿರುತ್ತದೆ. ಸಾಬೂನು ಬಿಸಿನೀರಿನಲ್ಲಿ ತೊಳೆದು, ಒಮ್ಮೆ ಬರೀ ನೀರು ಕುದಿಸಿ ಚೆಲ್ಲಿ. ಸೋರಿಕೆಯೂ ಆಗಲೇ ಗೊತ್ತಾಗುತ್ತದೆ. ಬ್ಲೀಚ್ ಹತ್ತಿರಕ್ಕೂ ತರಬೇಡಿ, ಅದರ ಕ್ಲೋರೈಡ್ ಸ್ಟೀಲ್‌ನಲ್ಲಿ ಸಣ್ಣ ಸಣ್ಣ ಕುಳಿ ಬೀಳಿಸುತ್ತದೆ.

ಆಮೇಲೆ ಒಂದೊಂದೇ ಲೀಟರ್ ನೀರು ಸುರಿದು, ಸ್ಟೀಲ್ ಪಟ್ಟಿಯೊಂದನ್ನು ನೆಟ್ಟಗೆ ಇಳಿಬಿಟ್ಟು ಗೀರು ಹಾಕಿಕೊಳ್ಳಿ. ಕುದಿಯುವಾಗ ದ್ರವ ಶೇ 4ರಷ್ಟು ಹಿಗ್ಗಿರುತ್ತದೆ. ಆಗ 10 ಲೀಟರ್ ತೋರಿದ್ದು ತಣಿದಾಗ 9.6ಕ್ಕೆ ಇಳಿಯುತ್ತದೆ.

ನಮ್ಮ ಕಡೆ ನೀರಿನ ಮಾತು ಬಿಡುವಂತಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಆರ್‌ಒ ಘಟಕದ ನೀರನ್ನೇ ಬಳಸಿ.

ಮನೆಯ ಸಣ್ಣ ಬರ್ನರ್ ಮೇಲೆ 10 ಲೀಟರ್ ಕುದಿಯಲು ಮುಕ್ಕಾಲು ತಾಸು ಬೇಕಾದೀತು. ಅಗಲ ಕಾಲಿನ ತಗ್ಗು ಗ್ಯಾಸ್ ಒಲೆಯನ್ನು ಗಾಳಿಯಾಡುವ ಜಾಗದಲ್ಲಿ ಇಡಿ. ತಣಿಸುವುದು ಮೇ ತಿಂಗಳಲ್ಲಿ ಕಷ್ಟ, ತೊಟ್ಟಿಯ ನೀರೇ ಬೆಚ್ಚಗಿರುತ್ತದೆ. ಕೆಟಲನ್ನು ಟಬ್‌ನಲ್ಲಿಟ್ಟು ಎರಡು ಸಲ ನೀರು ಬದಲಿಸಿ, ಮೂರನೆಯ ಸಲ ಟಬ್‌ನ ನೀರಿಗೆ ಐಸ್ ಹಾಕಿ.